ತಮ್ಮಗ ಇಂಗ್ಲಿಷ್ ಗೈಡ್ ಬಾಯಿಪಾಠ ಅದ, ಪ್ಯಾಸೇಜ್ ಬಂದ್ರ ಖಾಲಿ ಬಿಟ್ಟ್ ಬರ್ತಾನ, ಏನ್ ಮಾಡ್ಲಿ?

ಮಾನ್ವಿ_ಅಕ್ಕ:

ಎಲ್ಲರಿಗೂ ನಮಸ್ಕಾರ್ರಿ. ಮಾನ್ವಿ ತಾಲ್ಲೂಕಿನ ಒಂದ್ ಹಳ್ಳಿಯವ್ರು ನಾವು. ನಮ್ಮ ತಮ್ಮ ಕನ್ನಡ ಮೀಡಿಯಂ, ಈ ವರ್ಷ ಎಸ್ಸೆಸ್ಸೆಲ್ಸಿ. ಲೆಕ್ಕ ಸೈನ್ಸ್ ಅಡ್ಡಿಲ್ಲ, ಕನ್ನಡ ಅಂತೂ ಛಲೋ ಬರೀತಾನ, ಇಂಗ್ಲಿಷ್ ಅಂದ ಕೂಡ್ಲೇ ಮಾರಿ ಸಣ್ಣದ್ ಮಾಡ್ತಾನ. ಪ್ರಿಪರೇಟರಿ ಒಳಗ 80ಕ್ಕ 24 ಬಂದಾವ.

ಪೇಪರ್ ಮನಿಗಿ ತಂದಿದ್ದ, ರಾತ್ರಿ ಊಟ ಆದ ಮ್ಯಾಲ ಕುಂತು ಒಂದೊಂದೇ ಪುಟ ನೋಡ್ದೆ. ಪದ್ಯ ಒಂದಕ್ಷರ ಬಿಡದಂಗ ಬರ್ದಾನ. ಪ್ರಬಂಧನೂ ಒಂದೂವರೆ ಪುಟ ಬರ್ದಾನ ಆದ್ರ ಕೇಳಿದ್ದು ಗಿಡ ಬೆಳೆಸೋದರ ಬಗ್ಗೆ, ಇವ ಬರ್ದಿದ್ದು ಇಂಟರ್ನೆಟ್ ಬಗ್ಗೆ, ಯಾಕಂದ್ರ ಅದು ಅವ್ನಿಗಿ ಬಾಯಿಪಾಠ ಇತ್ತು. ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳ್ಯಾರಲ್ಲ, ಅಲ್ಲಿ ಬರೇ ಬಿಳಿ ಹಾಳಿ. ಯಾಕಪಾ ಅಂತ ಕೇಳಿದ್ರ "ಅಕ್ಕಾ ಅದು ಪುಸ್ತಕದಾಗ ಇಲ್ಲ" ಅಂದ.

ಅವ್ನ ಮ್ಯಾಲ ಸಿಟ್ಟಿಲ್ಲ ನನಗ. ಅವ್ರ ಸಾಲ್ಯಾಗ ಇಂಗ್ಲಿಷ್ ಸರ್ ವರ್ಗ ಆಗಿ ಹೋದ್ರು, ಅತಿಥಿ ಶಿಕ್ಷಕರು ಬಂದಿದ್ದು ದಸರಾ ರಜೆ ಮುಗದ ಮ್ಯಾಲ, ಅಲ್ಲಿತನ ನೋಟ್ಸ್ ಕೊಟ್ಟು ಬರ್ಕೊಳ್ರಿ ಅಂದ್ರು ಅಷ್ಟ. ನಾನು ಪಿಯುಸಿ ಮಾಡಿ ಹತ್ತಿ ಮಿಲ್ಲಿನಾಗ ಲೆಕ್ಕ ಬರಿಯೋ ಕೆಲಸ ಮಾಡ್ತೀನಿ, ಅವ್ವ ಮೆಣಸಿನಕಾಯಿ ಬಿಡಸಾಕ ಹೋಗ್ತಾಳ. ಟ್ಯೂಷನ್‌ಗೆ ಮಾನ್ವಿಗಿ ಹೋಗ್ಬೇಕು, ಸಂಜಿಗಿ ವಾಪಸ್ ಬಸ್ ಸಿಗಂಗಿಲ್ಲ. ಇನ್ನ ಐದು ವಾರ ಅದ. ದಿನಾ ರಾತ್ರಿ ಒಂದ್ ತಾಸು ನಾನೇ ಕುಂದರಸ್ಕೊಂಡು ಹೇಳ್ಬೇಕಂತ ಮಾಡೀನಿ, ಎಲ್ಲಿಂದ ಶುರು ಮಾಡ್ಲಿ ಅಂತ ಗೊತ್ತಾಗವಲ್ದು. ಗೊತ್ತಿದ್ದವ್ರು ಹೇಳ್ರಿ.

ಕೊಪ್ಪಳ_ಮೇಷ್ಟ್ರು:

ತಂಗೀ, ನಾನು ಕೊಪ್ಪಳ ಜಿಲ್ಲೆ ಒಳಗ 14 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಾಕತ್ತೀನಿ. "ಪುಸ್ತಕದಾಗ ಇಲ್ಲ" ಅನ್ನೋ ಮಾತು ಪ್ರತಿ ವರ್ಷ ಕೇಳ್ತೀನಿ, ಕೇಳಿದಾಗೆಲ್ಲ ಹೊಟ್ಟಿ ಉರಿತೈತಿ, ಯಾಕಂದ್ರ ಪ್ಯಾಸೇಜಿನ ಉತ್ತರ ಪ್ರಶ್ನೆಪತ್ರಿಕೆ ಒಳಗ ಅಚ್ಚಾಗಿ ಬಂದಿರ್ತೈತಿ, ಇಡೀ ಪೇಪರಿನಾಗ ಬಾಯಿಪಾಠ ಬೇಡದ ಮಾರ್ಕ್ಸ್ ಅಂದ್ರ ಅವ. ಅಲ್ಲಿಂದನ ಶುರು ಮಾಡವ್ವ. ಮೊದ್ಲು ಪ್ರಶ್ನೆ ಓದಿಸು, ಆಮ್ಯಾಲ ಪ್ಯಾಸೇಜ್. ಪ್ರಶ್ನೆ ಒಳಗ ವೇರ್ ಇದ್ರ ಜಾಗ ಹುಡುಕ್ಬೇಕು, ವೆನ್ ಇದ್ರ ಹೊತ್ತು, ಹೂ ಇದ್ರ ಮನಿಶಾ, ವೈ ಇದ್ರ ಬಿಕಾಸ್ ಇಲ್ಲಾ ಸೋ ಎಲ್ಲೈತಿ ನೋಡ್ಬೇಕು. ಗೊತ್ತಿಲ್ಲದ ಶಬ್ದ ಹತ್ತು ಬಂದ್ರೂ ನಿಲ್ಲಬಾರದು, ಮುಂದ ಹೋಗ್ಬೇಕು.

ಉತ್ತರ ಸಿಕ್ಕ ಮ್ಯಾಲ ಬರಿಯೋದ್ರಾಗ ಒಂದ್ ತಪ್ಪು ಎಲ್ರೂ ಮಾಡ್ತಾರ. "ವೈ ಡಿಡ್ ದ ಫಾರ್ಮರ್ ಸೆಲ್ ಹಿಸ್ ಬುಲಕ್ಸ್?" ಅಂತ ಕೇಳಿದ್ರ "ಫಾರ್ಮರ್ ಡಿಡ್ ಸೆಲ್" ಅಂತ ಬರೀತಾರ. ಡಿಡ್ ಹೋಗ್ಬೇಕು, ಹೋಗೋ ಮುಂದ ತನ್ನ ಭೂತಕಾಲ ಸೆಲ್‌ಗೆ ಕೊಟ್ಟು ಹೋಗ್ತೈತಿ, ಸೆಲ್ ಸೋಲ್ಡ್ ಆಗ್ತೈತಿ. "ದ ಫಾರ್ಮರ್ ಸೋಲ್ಡ್ ಹಿಸ್ ಬುಲಕ್ಸ್ ಬಿಕಾಸ್" ಅಂತ ಬರ್ದು ಮುಂದಿಂದು ಪ್ಯಾಸೇಜಿನಿಂದ ಎತ್ತಿ ಬರ್ದ್ರಾತು. ಇದೊಂದನ್ನ ದಿನಾ ಐದು ವಾಕ್ಯ ಮಾಡಿಸು.

ಗ್ರಾಮರ್‌ಗೆ ನಾನು ಏನ್ ಮಾಡ್ತೀನಂದ್ರ ಕನ್ನಡಾನ ಇಂಗ್ಲಿಷಿನ ಬಾಜೂಕ ಇಟ್ಟು ತೋರಿಸ್ತೀನಿ, ಯಾಕಂದ್ರ ಹುಡುಗ್ರು ತಪ್ಪೋದು ಕನ್ನಡ ಮತ್ತು ಇಂಗ್ಲಿಷ್ ಬ್ಯಾರೆ ಆಗೋ ಜಾಗದಾಗನ. ಕ್ವಶ್ಚನ್ ಟ್ಯಾಗ್ ತಗೋ. ನಾವು "ಅವ ಬರ್ತಾನ ಹೌದಿಲ್ಲೋ, ಅವ್ರು ಹೋದ್ರು ಹೌದಿಲ್ಲೋ" ಅಂತ ಎಲ್ಲಾದಕ್ಕೂ ಒಂದ ಬಾಲ ಹಚ್ತೀವಿ. ಇಂಗ್ಲಿಷಿನಾಗ ಬಾಲ ಬದಲಾಗ್ತೈತಿ, ಮುಂದಿನ ಕ್ರಿಯಾಪದ ನೋಡ್ಬೇಕು: "ಶೀ ಈಸ್ ಕಮಿಂಗ್, ಈಸಂಟ್ ಶೀ?" ಈಸ್ ವಾಸ್ ಕ್ಯಾನ್ ಯಾವುದೂ ಇಲ್ಲದಾಗ ಡು, ಡಸ್ ಇಲ್ಲಾ ಡಿಡ್ ಆ ಕ್ರಿಯಾಪದದ ಒಳಗ ಅಡಗಿರ್ತೈತಿ: "ಹೀ ಸೆಲ್ಸ್ ಚಿಲ್ಲೀಸ್, ಡಸಂಟ್ ಹೀ?" ಆ ಸೆಲ್ಸ್ ಕೊನಿಗೆ ಇರೋ ಎಸ್ ಡಸ್‌ದು ಅಂತ ತೋರಿಸಿಬಿಟ್ರ ಮರೆಯಂಗಿಲ್ಲ. ರಿಪೋರ್ಟೆಡ್ ಸ್ಪೀಚೂ ಹಂಗ. ನಾವು "ನಾಳೆ ಬರ್ತೀನಿ ಅಂದ" ಅಂತ ಅವ ಹೇಳಿದ್ದನ್ನ ಹಂಗ ಇಟ್ಟು ಅಂದ ಸೇರಿಸ್ತೀವಿ, ಇಂಗ್ಲಿಷಿನಾಗ ಒಳಗಿಂದೆಲ್ಲ ತಿರುಗ್ತೈತಿ, "ಹೀ ಸೆಡ್ ದಟ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ", ಐ ಹೋಗಿ ಹೀ, ವಿಲ್ ಹೋಗಿ ವುಡ್, ಟುಮಾರೋ ಹೋಗಿ ನೆಕ್ಸ್ಟ್ ಡೇ.

ಇನ್ನ ಪ್ಯಾಸಿವ್, ಅಂದ್ರ ಕರ್ಮಣಿ ಪ್ರಯೋಗ. ಇದನ್ನ ಕನ್ನಡದಾಗ ನಾವು ಮಾತಾಡೋದೇ ಇಲ್ಲ, "ನನ್ನಿಂದ ರೊಟ್ಟಿ ತಿನ್ನಲ್ಪಟ್ಟಿತು" ಅಂತ ಯಾರಂತಾರ ಹೇಳು. ಅದಕ್ಕ ಮನ್ಯಾಗಿನ ಯೂರಿಯಾ ಚೀಲ ತಗೊಂಡು ಕುಂದ್ರು. ಮ್ಯಾನುಫ್ಯಾಕ್ಚರ್ಡ್ ಬೈ, ಮಾರ್ಕೆಟೆಡ್ ಬೈ ಅಂತ ಬರ್ದಿರ್ತೈತಿ. ಏನ್ ಮಾಡಿದ್ದು ಮೊದ್ಲು, ಯಾರು ಮಾಡಿದ್ದು ಬೈ ಆದ ಮ್ಯಾಲ. ಮಾತ್ರೆ ಚೀಟಿ ಮ್ಯಾಲನೂ ಅದ ಇರ್ತೈತಿ.

ಬಳ್ಳಾರಿ_ಹುಡ್ಗಿ:

ಅಕ್ಕಾ, ನಾನು ಹೋದ ವರ್ಷ ಬರ್ದೆ, ಕನ್ನಡ ಮೀಡಿಯಮ್ಮೇ. ನಂದು ವೊಕ್ಯಾಬುಲರಿ ಬಗ್ಗೆ ಎರಡು ಮಾತು. ಒಂದ್ ಕಡೆ ಇಂಗ್ಲಿಷ್ ಇನ್ನೊಂದ್ ಕಡೆ ಅರ್ಥ ಅಂತ ನೋಟ್‌ಬುಕ್ ತುಂಬಿಸ್ತಿದ್ದೆ, ಒಂದೂ ನಿಲ್ತಿರ್ಲಿಲ್ಲ. ಆಮೇಲೆ ಶಬ್ದಾನ ಜೋಡಿ ಜೊತೆ ಬರ್ಯೋಕೆ ಶುರು ಮಾಡ್ದೆ, ಹೆವಿ ರೇನ್, ಸ್ಟ್ರಾಂಗ್ ಟೀ ಅಂತ. ನಾವೂ ಜೋರ್ ಮಳೆ ಅಂತೀವಿ, ಖಡಕ್ ಚಾ ಅಂತೀವಿ, ಖಡಕ್ ಮಳೆ ಅನ್ನಲ್ಲ ಅಲ್ವಾ, ಹಂಗೇ ಅದು. ಕೊಲೊಕೇಶನ್, ಅಂದ್ರೆ ಇಂಥ ಜೋಡಿ ಶಬ್ದ, ಹೊಂದಿಸಿ ಅಂತ ಬರುತ್ತಲ್ಲ ಅದಕ್ಕೂ ಇದೇ ಸಾಕಾಯ್ತು.

ಸಿಲಬಲ್, ಅಂದ್ರೆ ಶಬ್ದದ ಉಚ್ಚಾರದ ತುಂಡು, ಎಣಿಸೋದ್ರಲ್ಲಿ ನಂಗೆ ಯಾವಾಗ್ಲೂ ತಪ್ಪಾಗ್ತಿತ್ತು, ಆಮೇಲೆ ಗೊತ್ತಾಯ್ತು ನಾವು ಮಾತಾಡೋ ರೀತೀಲಿ ಎಣಿಸ್ತೀವಿ ಅಂತ. ನಾವು ಬಸ್ಸು ಅಂತೀವಿ, ಎರಡು. ಇಂಗ್ಲಿಷಲ್ಲಿ ಬಸ್, ಒಂದೇ. ಇಸ್ಕೂಲು ಅಂದ್ರೆ ಮೂರು, ಸ್ಕೂಲ್ ಅಂದ್ರೆ ಒಂದು. ಕೊನೇ ಉಕಾರ ಬಿಟ್ಟು ಗದ್ದದ ಕೆಳಗೆ ಕೈ ಇಟ್ಕೊಂಡು ಹೇಳಿದ್ರೆ ಗದ್ದ ಎಷ್ಟ್ ಸಲ ಇಳಿಯುತ್ತೋ ಅಷ್ಟು.

ಎ ಮತ್ತೆ ಆನ್‌ಗೆ ನಮ್ಮ ಮೇಡಂ ಹೇಳಿದ್ದು ಇವತ್ತಿಗೂ ಮರ್ತಿಲ್ಲ: ಆ ಶಬ್ದಾನ ಕನ್ನಡ ಅಕ್ಷರದಲ್ಲಿ ಬರಿ, ಸ್ವರದಿಂದ ಶುರುವಾದ್ರೆ ಆನ್, ವ್ಯಂಜನ ಆದ್ರೆ ಎ. ಅವರ್, ಆನೆಸ್ಟ್, ಎಮ್ಮೆಲ್ಲೆ, ಮೂರಕ್ಕೂ ಆನ್. ಯೂನಿವರ್ಸಿಟಿ ಯ ಇಂದ, ವನ್ ರುಪೀ ನೋಟ್ ವ ಇಂದ, ಅವಕ್ಕೆ ಎ. ಎಡಿಟಿಂಗ್ ಪ್ರಶ್ನೇಲಿ ಆರ್ಟಿಕಲ್ ತಿದ್ದೋಕೆ ಇಷ್ಟೇ ಸಾಕಾಗೈತೆ ನಂಗೆ.

ಗಂಗಾವತಿ_ತಂದೆ:

ಮೇಷ್ಟ್ರು ಹೇಳಿದ್ದು ಖರೇ, ಆದ್ರ ನಾನು ಒಬ್ಬ ತಂದಿಯಾಗಿ ಹೇಳ್ತೀನಿ, ಐದು ವಾರದಾಗ ಎಲ್ಲಾ ತಿಳಿಸಾಕ ಹೋಗಿ ಇದ್ದ ಬಾಯಿಪಾಠನೂ ಕೈ ಬಿಟ್ರ ಹುಡುಗ ಎಲ್ಲಿ ನಿಲ್ಲಬೇಕು? ನಮ್ಮ ದೊಡ್ಡ ಮಗಳಿಗೆ ಹಂಗ ಆತು, ಕೊನಿಗೆ ಎಲ್ಲಾ ಕಲಸುಮೇಲೋಗರ ಆಗಿ ಹಾಲ್ ಒಳಗ ಅಳ್ಕೋತ ಕುಂತಳು. ಪದ್ಯ ಬರ್ತೈತಿ, ಅದು ಇರ್ಲಿ. ಲೆಟರ್ ಒಂದ್ ಗಟ್ಟಿ ಮಾಡಿಸ್ರಿ ಅಕ್ಕಾರ, ಫ್ರಮ್ ಅಡ್ರೆಸ್, ಡೇಟ್, ಟು, ಸಬ್ಜೆಕ್ಟ್, ಕೊನಿಗೆ ಯುವರ್ಸ್ ಫೇತ್‌ಫುಲ್ಲಿ, ಆ ಚೌಕಟ್ಟಿಗೇ ಮಾರ್ಕ್ಸ್ ಅದಾವ. ಮತ್ತ 2024ರಿಂದ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡ್ಯಾರ, ಒಂದ್ರಾಗ ಹೋದ್ರ ಅದೇ ವರ್ಷ ಮತ್ತೊಂದು ಬರಿಬಹುದು, ಅದನ್ನ ಹುಡುಗನಿಗೆ ಮೊದಲೇ ಹೇಳ್ರಿ, ಎದಿ ಗಟ್ಟಿ ಆಗ್ತೈತಿ.

ಕೊಪ್ಪಳ_ಮೇಷ್ಟ್ರು:

ಅಣ್ಣಾರ ಮಾತು ಒಪ್ಪೀನಿ, ಲೆಟರ್ ಚೌಕಟ್ಟು ಬಾಯಿಪಾಠನ ಆಗ್ಬೇಕು. ಆದ್ರ ಪ್ರಬಂಧ ಬಾಯಿಪಾಠ ಬ್ಯಾಡ, ಇಂಟರ್ನೆಟ್ ಪ್ರಬಂಧದಾಗ ಏನಾತು ನೋಡಿದ್ರಲ್ಲ. ಮೂರು ವಾಕ್ಯ ತನ್ನ ಸ್ವಂತ ಬರೀಲಿ, ತಪ್ಪಿರ್ಲಿ, ಕೇಳಿದ್ದ ವಿಷಯಾನ ಇರ್ಲಿ, ಅದಕ್ಕ ಮಾರ್ಕ್ಸ್ ಬರ್ತಾವ.

ಮಾನ್ವಿ_ಅಕ್ಕ:

ಒಂಬತ್ತು ದಿನ ಆತು, ಏನಾಯ್ತಂತ ಹೇಳ್ಬೇಕು ಅನ್ನಿಸ್ತು. ಯೂರಿಯಾ ಚೀಲ ಖರೇನ ತಂದು ಹಾಸಿದ್ವಿ. ಅವ್ವ ರೊಟ್ಟಿ ಬಡೀತಿದ್ಲು, ಅದ್ರ ಮ್ಯಾಲ ಏನ್ ಬರ್ದಾರೋ ಅಂತ ಕೇಳಿದ್ಲು, ಇಷ್ಟ್ ವರ್ಷ ಆ ಚೀಲದಾಗ ಜೋಳ ತುಂಬ್ಯಾಳ ಯಾವತ್ತೂ ಕೇಳಿದ್ದಿಲ್ಲ. ಇವ ಬೆರಳಿಟ್ಟು ನೆಟ್ ವೇಟ್ ಅಂದ್ರ ಚೀಲ ಬಿಟ್ಟು ಒಳಗಿನ ತೂಕ, 45 ಕೇಜಿ ಅಂದ. ಆಮ್ಯಾಲ ಯೂಸ್ ನೋ ಹುಕ್ಸ್ ಅಂತ ಅದ, ಇದೇನಕ್ಕಾ ಅಂದ, ನಾನು ಮಿಲ್ಲಿನಾಗ ಹಮಾಲರು ಚೀಲಕ್ಕ ಚುಚ್ಚಿ ಎತ್ತತಾರಲ್ಲ ಆ ಕಬ್ಬಿಣದ ಹುಕ್ಕು, ಅದ್ರಿಂದ ಎತ್ತಬ್ಯಾಡ್ರಿ ಅಂತ ಅಂದೆ. ಎರಡ್ ಸಲ ತಾನ ಓದ್ದ. ಮರುದಿನ ಅವ್ವನ ಬಿಪಿ ಮಾತ್ರೆ ಚೀಟಿ ತಂದು ತಾನಾಗೇ "ಸ್ಟೋರ್ಡ್ ಅಲ್ಲಕ್ಕ, ಸ್ಟೋರ್ ಅಂತ ಅದ, ಇದು ಪ್ಯಾಸಿವ್ ಅಲ್ಲ, ಇಡ್ರಿ ಅಂತ ಹೇಳೋದು" ಅಂದ. ನನಗ ಕಣ್ಣಾಗ ನೀರು ಬಂತ್ರಿ.

ಬೋರ್ಡಿನ ವೆಬ್‌ಸೈಟಿನಾಗಿನ ಮಾದರಿ ಪತ್ರಿಕೆ ಪ್ರಿಂಟ್ ತೆಗ್ಸಿ ನಿನ್ನೆ ಬರ್ಸಿದೆ, ಪ್ಯಾಸೇಜ್ ಖಾಲಿ ಬಿಟ್ಟಿಲ್ಲ, ಒಂದ್ ಉತ್ತರದಾಗ ಮತ್ತ ಡಿಡ್ ಗೋ ಅಂತ ಬರ್ದಾನ. ಈಗ ಒಂದ್ ಡೌಟು ಸರ್. ಐ ಆಮ್ ಲೇಟ್ ಅಂದ್ರ ಟ್ಯಾಗ್ ಏನು, ಆಮಂಟ್ ಐ ಅಂತ ಬರ್ದಾನ. ಲೆಟ್ಸ್ ಗೋ ಅಂದ್ರ ಏನು ಬರೀಬೇಕಂತ ನನಗೂ ಗೊತ್ತಾಗ್ಲಿಲ್ಲ.

ಕೊಪ್ಪಳ_ಮೇಷ್ಟ್ರು:

ಸ್ಟೋರ್ ಮತ್ತು ಸ್ಟೋರ್ಡ್ ತಾನ ಹಿಡದಾನಂದ್ರ ಹುಡುಗ ಓದಾಕತ್ತಾನ ತಂಗೀ, ಬಾಳ ಖುಷಿ ಆತು. ಐ ಆಮ್ ಬಂದ್ರ ಆರಂಟ್ ಐ. ಲೆಟ್ಸ್ ಬಂದ್ರ ಶಲ್ ವಿ. ಇವೆರಡು ನಿಯಮಕ್ಕ ಸಿಗಂಗಿಲ್ಲ, ಹಂಗ ನೆನಪಿಡ್ಬೇಕು. ಮತ್ತ ವಾಕ್ಯದಾಗ ನೆವರ್, ಹಾರ್ಡ್ಲಿ ಇದ್ರ ಅದಾಗಲೇ ಇಲ್ಲ ಅಂದಂಗ, ಬಾಲಕ್ಕ ನಾಟ್ ಹಚ್ಚಬಾರದು, "ಹೀ ನೆವರ್ ಲೈಸ್, ಡಸ್ ಹೀ?" ಅಂತ. ಗಿಡ ಬೆಳೆಸೋ ಪ್ರಬಂಧನ ಈ ಸಲ ಗೈಡ್ ಮುಚ್ಚಿಟ್ಟು ಬರ್ಸಿ ರವಿವಾರ ಆ ಹಾಳಿ ಫೋಟೋ ಇಲ್ಲೇ ಹಾಕು, ನಾನು ಕೆಂಪು ಪೆನ್ನಿಲೆ ತಿದ್ದಿ ಕಳಿಸ್ತೀನಿ.