ಬ್ಲಾಗಿನ ಹೊರಲಿಂಕ್‌ಗಳಿಂದ ದುಡ್ಡು: ಎಲ್ಲಿವರೆಗೆ ಸರಿ?

ಲೆನ್ಸ್ ಹುಚ್ಚು: ಕ್ಯಾಮೆರಾ, ಲೆನ್ಸ್ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಒಂದು ಏಜೆನ್ಸಿಯಿಂದ ಮೇಲ್ ಬಂದಿದೆ. ಹಳೆಯ ಲೇಖನವೊಂದರಲ್ಲಿ ಅವರು ಹೇಳಿದ ಸೈಟಿಗೆ ಲಿಂಕ್ ಹಾಕಿದರೆ ದುಡ್ಡು ಕೊಡುತ್ತಾರಂತೆ. ಎರಡು ಷರತ್ತು: ಲಿಂಕಿಗೆ ನೋಫಾಲೋ (ಈ ಲಿಂಕನ್ನು ಲೆಕ್ಕಕ್ಕೆ ತಗೊಳ್ಳಬೇಡ ಅಂತ ಗೂಗಲ್‌ಗೆ ಹೇಳುವ ಗುರುತು) ಹಾಕಬಾರದು, ಜಾಹೀರಾತು ಅಂತ ಬರೆಯಬಾರದು. ಒಪ್ಪಬಹುದಾ?

ಹಳೇ ಬ್ಲಾಗರ್: ಖಂಡಿತ ಬೇಡ. ಅವರಿಗೆ ನಿಮ್ಮ ಓದುಗರು ಬೇಕಿಲ್ಲ, ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬೇಕು ಅಷ್ಟೇ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಲಿಂಕನ್ನು ಗೂಗಲ್ ಮೊದಲಿನಿಂದಲೂ ಮತದ ಹಾಗೆ ಎಣಿಸುತ್ತಾ ಬಂದಿದೆ. ಆ ಮತ ಮಾರಿದರೆ ಅದರ ನಿಯಮದಲ್ಲಿ ಸ್ಪ್ಯಾಮ್. ಸಿಕ್ಕಿಬಿದ್ದರೆ ನಿಮ್ಮ ಬ್ಲಾಗೇ ಕೆಳಗೆ ಹೋಗಬಹುದು. 2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಕೆಳಗಿಳಿಸಿತ್ತು, ಕನಿಷ್ಠ 60 ದಿನಕ್ಕೆ. ಕ್ರೋಮ್ ಪ್ರಚಾರಕ್ಕೆ ದುಡ್ಡು ಪಡೆದು ಬರೆದ ಒಂದು ಪೋಸ್ಟಿನಲ್ಲಿ ನೋಫಾಲೋ ಇಲ್ಲದ ಲಿಂಕ್ ಇತ್ತು, ಅದಕ್ಕೆ.

ರಾತ್ರಿ ಬರಹ: ಸಾರ್, ಹೇಳುವುದು ಸುಲಭ. ಬ್ಯಾನರ್ ಜಾಹೀರಾತಿನಿಂದ ಚಿಕ್ಕ ಬ್ಲಾಗಿಗೆ ಏನೂ ಹುಟ್ಟುವುದಿಲ್ಲ. ಆಡ್ ಬ್ಲಾಕರ್ ಬೇರೆ. ಡೊಮೈನ್, ಹೋಸ್ಟಿಂಗ್ ಖರ್ಚು ಮಾತ್ರ ವರ್ಷ ವರ್ಷ ತಪ್ಪಲ್ಲ. ಒಂದು ಲಿಂಕ್ ಹಾಕಿದರೆ ಯಾರಿಗೆ ನಷ್ಟ?

ಓದುಗಿ: ನಮಗೆ ನಷ್ಟ. ನೀವು ಲಿಂಕ್ ಕೊಟ್ಟಿದ್ದೀರಿ ಅಂದರೆ ನೀವು ನೋಡಿ, ಒಳ್ಳೆಯದು ಅನ್ನಿಸಿ ಕೊಟ್ಟಿದ್ದೀರಿ ಅಂತ ನಂಬಿ ಒತ್ತುತ್ತೇವೆ. ಆ ನಂಬಿಕೆಗೇ ಅಲ್ವಾ ಏಜೆನ್ಸಿ ದುಡ್ಡು ಕೊಡುತ್ತಿರುವುದು?

ಕೋಡ್ ಗೆಳೆಯ: ದುಡ್ಡು ತಗೊಳ್ಳುವುದನ್ನೇ ಗೂಗಲ್ ಬೇಡ ಅನ್ನುವುದಿಲ್ಲ, ಗುರುತು ಹಾಕಿ ಅನ್ನುತ್ತದೆ. ನೋಫಾಲೋ 2005ರಲ್ಲಿ ಬಂತು. 2019ರಲ್ಲಿ ದುಡ್ಡಿನ ಲಿಂಕ್‌ಗಳಿಗೆಂದೇ 'ಸ್ಪಾನ್ಸರ್ಡ್' ಅನ್ನುವ ಗುರುತೂ ಬಂತು. ಲಿಂಕಿನ ಕೋಡಿನಲ್ಲಿ ಒಂದು ಪದ ಸೇರಿಸಿದರೆ ಮುಗಿಯಿತು.

ರಾತ್ರಿ ಬರಹ: ಆ ಗುರುತು ಹಾಕಿದರೆ ಏಜೆನ್ಸಿ ದುಡ್ಡೇ ಕೊಡಲ್ಲ. ಲಿಂಕ್ ಚಿಕ್ಕದು ಮಾಡಿ, ಒತ್ತಿದವರಿಗೆ ನಡುವೆ ಜಾಹೀರಾತು ತೋರಿಸುವ ಸೈಟ್‌ಗಳು ಹೇಗೆ? ಒಬ್ಬೊಬ್ಬರು ಒತ್ತಿದ್ದಕ್ಕೂ ಕಾಸು ಸಿಗುತ್ತದೆ.

ಓದುಗಿ: ದಯವಿಟ್ಟು ಬೇಡ! ಲಿಂಕ್ ಒತ್ತಿ ಕಾಯಬೇಕು, ಸುಳ್ಳು ಡೌನ್‌ಲೋಡ್ ಬಟನ್‌ಗಳನ್ನು ದಾಟಬೇಕು. ಅಂಥ ಬ್ಲಾಗಿಗೆ ನಾನು ಮತ್ತೆ ಹೋಗುವುದಿಲ್ಲ.

ಕೋಡ್ ಗೆಳೆಯ: ಆ ಸೈಟ್ ಮುಚ್ಚಿದರೆ ನಿಮ್ಮ ಹಳೆಯ ಲಿಂಕ್‌ಗಳೆಲ್ಲ ಒಟ್ಟಿಗೆ ಸಾಯುತ್ತವೆ, ಅದೂ ಇದೆ.

ಹಳೇ ಬ್ಲಾಗರ್: ಲೆನ್ಸ್ ಬಗ್ಗೆ ಬರೆಯುವವರಿಗೆ ಅಫಿಲಿಯೇಟ್ ಲಿಂಕೇ ಸರಿ. ಅಮೆಜಾನ್ ಇದನ್ನು 1996ರಿಂದ ನಡೆಸುತ್ತಿದೆ. ನಿಮ್ಮ ಲಿಂಕಿನಿಂದ ಹೋದವರು 24 ಗಂಟೆಯೊಳಗೆ ಕೊಂಡರೆ ಕಮಿಷನ್. ಲೆನ್ಸ್ ನೋಡಲು ಹೋಗಿ ಬ್ಯಾಗ್ ಕೊಂಡರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಓದುಗರಿಗೆ ಬೆಲೆ ಜಾಸ್ತಿ ಆಗುವುದಿಲ್ಲ.

ಓದುಗಿ: ಇದರಲ್ಲೂ ನನಗೊಂದು ತಕರಾರಿದೆ. ಇಂಥ ಬ್ಲಾಗ್‌ಗಳು 'ಇದು ಬೇಡ' ಅಂತ ಹೇಳುವುದೇ ಅಪರೂಪ. ಹೊಸಬರಿಗೆ ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಲೆನ್ಸ್ ಸಾಕು. ಪರಿಚಯದವರ ಹತ್ತಿರ ಕೊಂಡರೆ ಬ್ಲಾಗಿಗೆ ಏನು ಬರುತ್ತದೆ? ಹಾಗಾಗಿ ಆ ಸಲಹೆಯನ್ನೇ ಯಾರೂ ಬರೆಯಲ್ಲ.

ಹಳೇ ಬ್ಲಾಗರ್: ಒಪ್ಪುತ್ತೇನೆ, ಇದು ನಿಜವಾದ ಕಷ್ಟ. ನಾನು ತೀರ್ಪನ್ನು ಮೊದಲು ಬರೆದು ಮುಗಿಸುತ್ತೇನೆ, ಲಿಂಕ್ ಸಿಗುತ್ತದಾ ಅಂತ ಆಮೇಲೆ ಹುಡುಕುತ್ತೇನೆ. ಕಮಿಷನ್ ಪಟ್ಟಿ ತೆರೆದಿಟ್ಟುಕೊಂಡು ವಿಮರ್ಶೆ ಬರೆಯಲೇಬಾರದು.

ರಾತ್ರಿ ಬರಹ: ಕಮಿಷನ್ ಸಿಗುತ್ತೆ ಅಂತ ಹೇಳಿಬಿಟ್ಟರೆ ಜನ ಒತ್ತುತ್ತಾರಾ?

ಓದುಗಿ: ನಾನಂತೂ ಒತ್ತುತ್ತೇನೆ. ಇಷ್ಟು ಬರೆದವರಿಗೆ ನಾಲ್ಕು ಕಾಸು ಸಿಗಲಿ ಅಂತ ಬೇಕಂತಲೇ ಅದೇ ಲಿಂಕಿನಿಂದ ಕೊಳ್ಳುತ್ತೇನೆ. ಹೇಳದೆ ಇದ್ದು ಆಮೇಲೆ ಗೊತ್ತಾದರೆ ಸಿಟ್ಟು ಬರುತ್ತದೆ.

ರಾತ್ರಿ ಬರಹ: ನಿಮ್ಮಂಥವರು ಕಡಿಮೆ. ನನಗಿನ್ನೂ ಅನುಮಾನವೇ.

ಲೆನ್ಸ್ ಹುಚ್ಚು: ಏಜೆನ್ಸಿಗೆ 'ಸ್ಪಾನ್ಸರ್ಡ್ ಗುರುತು ಹಾಕಿ, ಜಾಹೀರಾತು ಅಂತ ಬರೆದೇ ಲಿಂಕ್ ಕೊಡುತ್ತೇನೆ' ಅಂತ ಬರೆದೆ. ಆಗಲ್ಲ ಅಂದರು. ಬಿಟ್ಟೆ. ಅಫಿಲಿಯೇಟ್ ಶುರು ಮಾಡುತ್ತೇನೆ, ಸೆಕೆಂಡ್ ಹ್ಯಾಂಡ್ ಲೆನ್ಸ್ ಬಗ್ಗೆಯೂ ಬರೆಯುತ್ತೇನೆ. ಕಮಿಷನ್ ವಿಷಯ ಪುಟದ ಕೊನೆಯಲ್ಲಿ ಹಾಕಿದರೆ ಸಾಕಲ್ವಾ?

ಕೋಡ್ ಗೆಳೆಯ: ಸಾಲದು. ಮೊದಲ ಲಿಂಕಿಗಿಂತ ಮೇಲೆ ಹಾಕಿ. ಕೊನೆಯವರೆಗೆ ಓದುವ ಮೊದಲೇ ಜನ ಲಿಂಕ್ ಒತ್ತಿ ಹೋಗಿರುತ್ತಾರೆ.