ಮೊದಲ ಸಲ ಹಳೇ ಕ್ವಾಡ್ ಬೈಕ್ ತಗೊಳ್ಳೋರಿಗೆ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಬೈಕ್ ಓಡಿಸಿ ಗೊತ್ತು, ಎಟಿವಿ (ಮಣ್ಣಿನ ದಾರಿಗೆ ಮಾಡಿದ ನಾಲ್ಕು ಚಕ್ರದ ಕ್ವಾಡ್ ಬೈಕ್) ಹೊಸದು. ಜಮೀನಿನಲ್ಲಿ ಸಾಮಾನು ಸಾಗಿಸೋಕೆ, ಬಿಡುವಾದಾಗ ಮಣ್ಣಿನ ದಾರೀಲಿ ಓಡಾಡೋಕೆ ಸೆಕೆಂಡ್ ಹ್ಯಾಂಡ್ ಕ್ವಾಡ್ ಬೇಕು. ಎರಡು ಗಾಡಿ ನೋಡಿದ್ದೀನಿ. ಒಂದು 450 ಸಿಸಿ ಸ್ಪೋರ್ಟ್, ಹೊಸದರ ಹಾಗೆ ಹೊಳೀತಿದೆ. ಇನ್ನೊಂದು 400 ಸಿಸಿ ಫೋರ್ ವೀಲ್ ಡ್ರೈವ್, ಮೈತುಂಬ ಗೀರು. ಯಾವುದು ಒಳ್ಳೇದು? ಏನೇನು ಚೆಕ್ ಮಾಡಲಿ?

ಉತ್ತರ: ನಿಮ್ಮ ಕೆಲಸಕ್ಕೆ 400 ಫೋರ್ ವೀಲ್ ಡ್ರೈವ್ ಸರಿ. 450 ಸ್ಪೋರ್ಟ್ ಅನ್ನೋದು ರೇಸಿಗೆ ಅಂತಲೇ ಮಾಡಿದ ಜಾತಿ. ಕೈ ಕ್ಲಚ್, ಚೈನ್, ಹಿಂದಿನ ಎರಡೇ ಚಕ್ರಕ್ಕೆ ಎಳೆತ, ಸಾಮಾನು ಕಟ್ಟೋಕೆ ರ‍್ಯಾಕ್ ಇಲ್ಲ, ಹಲವದರಲ್ಲಿ ರಿವರ್ಸ್ ಗೇರೂ ಇಲ್ಲ. ವಾಲ್ವ್ ಗ್ಯಾಪ್ ಆಗಾಗ ನೋಡ್ತಿರಬೇಕು, ಪಿಸ್ಟನ್ನನ್ನ ಓಡಿದ ಗಂಟೆ ಲೆಕ್ಕದಲ್ಲಿ ಬದಲಾಯಿಸಬೇಕು. ಹೊಳಪು ನೋಡಿ ಮರುಳಾಗಬೇಡಿ. ಪ್ಲಾಸ್ಟಿಕ್ ಬಾಡಿ ಬಿಡಿಯಾಗಿ ಸಿಗುತ್ತೆ, ಅರ್ಧ ದಿನದಲ್ಲಿ ಹಾಕಬಹುದು. ಕ್ವಾಡ್ ಹಾಳಾಗೋದು ನೀರು ಮತ್ತು ಧೂಳಿನಿಂದ, ಗೀರಿನಿಂದಲ್ಲ.

ಹೋಗೋ ಮುಂಚೆ ‘ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ರೆ, ತಣ್ಣಗಿರುವಾಗಿನ ಏನನ್ನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಬಹುದು. ಸ್ಟಾರ್ಟ್ ಆದಮೇಲೆ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ರೆ ಕೂಲಂಟ್ ಒಳಗೆ ಹೋಗ್ತಿದೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಹೆಡ್ ನಡುವಿನ ಸೀಲ್) ನೋಡಬೇಕು. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ, ಅದು ಸಣ್ಣ ರಿಪೇರಿ. ಚೋಕ್ ಎಳೆದ್ರೆ ಮಾತ್ರ ಐಡಲ್ ನಿಲ್ಲುತ್ತೆ ಅಂದ್ರೆ ಹಳೇ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್‌ನ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಕಟ್ಟಿರುತ್ತೆ. ಇದಕ್ಕೆ ಗಾಡಿ ಬಿಡಬೇಡಿ, ಚೌಕಾಸಿ ಮಾಡಿ.

ಆಮೇಲೆ ಸೀಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ತೆಗೆಸಿ. ಫಿಲ್ಟರ್ ಹೊರಮೈ ಕೊಳೆಯಾಗಿರೋದು ಸಹಜ. ಫಿಲ್ಟರ್ ದಾಟಿ ಇಂಜಿನ್ ಕಡೆ ಹೋಗೋ ಪೈಪಿನೊಳಗೆ ಬಟ್ಟೆ ಆಡಿಸಿ. ಮರಳಿನ ಪುಡಿ ಹತ್ತಿದ್ರೆ ಅಷ್ಟೂ ದಿನ ಧೂಳು ಸಿಲಿಂಡರ್ ತಿಂದಿದೆ. ಅಲ್ಲಿಗೇ ವಾಪಸ್ ಬನ್ನಿ.

ಪ್ರಶ್ನೆ: ನೀರಲ್ಲಿ ಮುಳುಗಿದ ಗಾಡಿ ಅಂತ ಹೇಗೆ ಗೊತ್ತಾಗುತ್ತೆ ಸರ್? ಮಾರೋರು ಹೇಳಲ್ಲ ಅಲ್ವಾ.

ಉತ್ತರ: ಆಯಿಲ್ ಹೇಳುತ್ತೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಹಾಗೆ ಕಂಡ್ರೆ ನೀರು ಸೇರಿದೆ. ಆಯಿಲ್ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ನೊರೆ ಇದ್ರೆ ಗಾಬರಿ ಬೇಡ, ಗಾಡಿ ಬಿಸಿಯಾಗದೆ ಪುಟ್ಟ ಪುಟ್ಟ ಓಡಾಟ ಮಾಡಿದ್ರೂ ಹಾಗಾಗುತ್ತೆ. ಗಾಡಿ ಮಾರೋ ಮುಂಚೆ ಇಂಜಿನ್ ಆಯಿಲನ್ನ ಎಲ್ಲರೂ ಬದಲಾಯಿಸ್ತಾರೆ, ಡಿಫರೆನ್ಶಿಯಲ್ (ಎಡ ಬಲ ಚಕ್ರಕ್ಕೆ ಎಳೆತ ಹಂಚೋ ಗೇರ್ ಡಬ್ಬಿ) ಆಯಿಲ್ ಮಾತ್ರ ಮರೀತಾರೆ. ಹಿಂದೆ ಮುಂದೆ ಎರಡರ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಬೆಲ್ಟಿನಿಂದ ಎಳೆತ ಕೊಡೋ ಗಾಡಿಯಾದ್ರೆ ಬೆಲ್ಟ್ ಕವರ್ ಕೆಳಗಿನ ಡ್ರೈನ್ ಪ್ಲಗ್ ತೆಗೆದಾಗ ನೀರು ಬಂದ್ರೂ ಅದೇ ಕಥೆ. ಹೆಡ್‌ಲೈಟ್ ಒಳಗೆ, ಏರ್ ಡಬ್ಬಿ ಗೋಡೆ ಮೇಲೆ ಕೆಸರಿನ ಗೆರೆ ಇದೆಯಾ ಅಂತಾನೂ ಹುಡುಕಿ.

ಇನ್ನೊಬ್ಬರ ಪ್ರಶ್ನೆ: ನಾನು ನೋಡಿದ ಗಾಡೀಲಿ ಮೀಟರ್ ಇಟ್ಟು ಅಳೆದಾಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ತುಂಬ ಕಡಿಮೆ ಬಂತು. ಇಂಜಿನ್ ಹೋಯ್ತು ಅಂತ ಅರ್ಥವೇ?

ಉತ್ತರ: ಅವಸರ ಬೇಡ. ಥ್ರಾಟಲ್ ಪೂರ್ತಿ ತೆರೆದು ಅಳೆದ್ರಾ? ಮುಚ್ಚಿದ್ರೆ ಗಾಳಿ ಒಳಗೆ ಬರದೆ ಸುಳ್ಳು ಲೆಕ್ಕ ತೋರಿಸುತ್ತೆ. ಎರಡನೇದು, ಅನೇಕ ಫೋರ್ ಸ್ಟ್ರೋಕ್ ಕ್ವಾಡ್‌ಗಳ ಕ್ಯಾಮ್‌ಶಾಫ್ಟ್‌ನಲ್ಲಿ ಡಿಕಂಪ್ರೆಸರ್ ಇರುತ್ತೆ. ಸ್ಟಾರ್ಟ್ ಮಾಡುವಾಗ ಅದು ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಎತ್ತಿ ಹಿಡಿಯುತ್ತೆ, ಹಾಗಾಗಿ ಒಳ್ಳೇ ಇಂಜಿನ್ನಿನಲ್ಲೂ ಮೀಟರ್ ಕಡಿಮೆ ತೋರಿಸುತ್ತೆ. ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಲೆಕ್ಕಕ್ಕೆ ಹೋಲಿಸಿ. ಇನ್ನೂ ಅನುಮಾನ ಇದ್ರೆ ಲೀಕ್ ಡೌನ್ ಟೆಸ್ಟ್ ಮಾಡಿಸಿ: ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೆ ನಿಲ್ಲಿಸಿ, ಪ್ಲಗ್ ತೂತಿನಿಂದ ಗಾಳಿ ತುಂಬೋದು. ‘ಸುಯ್’ ಅನ್ನೋ ಸದ್ದು ಸೈಲೆನ್ಸರಿನಲ್ಲಿ ಕೇಳಿದ್ರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಾದ್ರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದ ತೂತಿನಲ್ಲಾದ್ರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ರೆ ಹೆಡ್ ಗ್ಯಾಸ್ಕೆಟ್.

ಪ್ರಶ್ನೆ (ಮೊದಲು ಕೇಳಿದವರು): ಚಕ್ರ, ಸ್ಟಿಯರಿಂಗ್ ಹೇಗೆ ನೋಡೋದು ಸರ್?

ಉತ್ತರ: ಮುಂಭಾಗ ಜಾಕ್ ಕೊಟ್ಟು ಎತ್ತಿ. ಚಕ್ರದ ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ರೆ ಯಾರಿಗಾದ್ರೂ ಬ್ರೇಕ್ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತ್ರೆ ಬೇರಿಂಗ್, ನಿಲ್ಲದಿದ್ರೆ ಬಾಲ್ ಜಾಯಿಂಟ್ ಅಥವಾ ಬುಷ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕಿದ್ರೆ ಟೈ ರಾಡ್ (ಸ್ಟಿಯರಿಂಗನ್ನ ಚಕ್ರಕ್ಕೆ ಜೋಡಿಸೋ ಸರಳು) ತುದಿ. ಸಿವಿ ಜಾಯಿಂಟಿನ (ಚಕ್ರ ತಿರುಗಿದ್ರೂ ಎಳೆತ ದಾಟಿಸೋ ಆಕ್ಸಲ್ ಕೀಲು) ರಬ್ಬರ್ ಬೂಟ್ ಹರಿದಿದ್ಯಾ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಕಟಕಟ ಅಂದ್ರೆ ಜಾಯಿಂಟ್ ಸವೆದಿದೆ. ಫ್ರೇಮಿನಲ್ಲಿ ಸಸ್ಪೆನ್ಷನ್ ಆರ್ಮ್ ಕೂರೋ ಜಾಗದ ವೆಲ್ಡಿಂಗ್‌ಗಳಿಗೆ ಟಾರ್ಚ್ ಬಿಡಿ. ಅಲ್ಲಿ ಮಾತ್ರ ಹೊಸ ಪೇಂಟ್ ಇದ್ರೆ ಯಾಕೆ ಅಂತ ಕೇಳಿ. ಫ್ರೇಮ್ ನಂಬರ್ ಕಾಗದಕ್ಕೆ ಹೊಂದಬೇಕು. ನಂಬರ್ ಉಜ್ಜಿದ್ದು ಕಂಡ್ರೆ ಮಾತು ಬೆಳೆಸಬೇಡಿ, ಹೊರಟುಬಿಡಿ.

ಫೋರ್ ವೀಲ್ ಸ್ವಿಚ್ ದೀಪ ಹತ್ತಿದ ಮಾತ್ರಕ್ಕೆ ನಂಬಬೇಡಿ. ಸಡಿಲ ಮಣ್ಣಿನ ಏರಿನಲ್ಲಿ ಹತ್ತಿಸಿ, ಮುಂದಿನ ಚಕ್ರ ಮಣ್ಣು ಕೀಳ್ತಿದ್ಯಾ ಅಂತ ಇನ್ನೊಬ್ಬರು ಪಕ್ಕದಿಂದ ನೋಡಲಿ. ಬ್ಯಾಟರಿಗೆ ಮೀಟರ್ ಇಡಿ: ನಿಂತಾಗ 12.6 ವೋಲ್ಟ್ ಆಸುಪಾಸು, ಇಂಜಿನ್ ಓಡುವಾಗ ಸುಮಾರು 14.

ಮತ್ತೊಬ್ಬರು: ಮೂರು ಚಕ್ರದ್ದು ಅಗ್ಗಕ್ಕೆ ಸಿಗ್ತಿದೆ, ತಗೋಬಹುದಾ?

ಉತ್ತರ: ಬೇಡ. ತಿರುವಿನಲ್ಲಿ ಸುಲಭವಾಗಿ ಮಗುಚುತ್ತೆ. ಅಮೆರಿಕದಲ್ಲಿ 1988ರ ಒಪ್ಪಂದದೊಂದಿಗೆ ತಯಾರಕರು ಅದರ ಮಾರಾಟವನ್ನೇ ನಿಲ್ಲಿಸಿದ್ರು.

ಪ್ರಶ್ನೆ (ಮೊದಲು ಕೇಳಿದವರು): 400 ತಗೊಂಡ್ರೆ ಮೊದಲು ಏನು ಮಾಡಲಿ ಸರ್? ಮನೇಲಿ 13 ವರ್ಷದ ಮಗನೂ ಓಡಿಸ್ತೀನಿ ಅಂತಿದ್ದಾನೆ.

ಉತ್ತರ: ಮಗನಿಗೆ ಈ ಗಾಡಿ ಬೇಡ. ಇಂಥ ದೊಡ್ಡ ಕ್ವಾಡ್‌ಗಳನ್ನ 16 ತುಂಬಿದವರಿಗೆ ಅಂತಲೇ ಹೇಳೋದು. ಒಂಟಿ ಸವಾರಿ ಗಾಡೀಲಿ ಹಿಂದೆ ಕೂರಿಸಿಕೊಳ್ಳೋದೂ ಬೇಡ. ಆ ಸೀಟು ಉದ್ದ ಇರೋದು ಏರಿನಲ್ಲಿ, ತಿರುವಿನಲ್ಲಿ ನೀವು ಮೈ ಸರಿಸೋಕೆ. ಹೆಲ್ಮೆಟ್, ಗಾಗಲ್ಸ್, ಗ್ಲೌಸ್, ಪಾದದ ಗಂಟು ಮುಚ್ಚೋ ಬೂಟು ಹಾಕ್ಕೊಳ್ಳಿ. ಹೆಬ್ಬೆರಳಿನ ಥ್ರಾಟಲ್ ಪಕ್ಕ ಲಿಮಿಟರ್ ಸ್ಕ್ರೂ ಇದ್ರೆ ಮೊದಲ ಕೆಲವು ದಿನ ಅದನ್ನ ಒಳಗೆ ತಿರುಗಿಸಿಟ್ಟು ಕಲೀರಿ.

ಗಾಡಿಗೆ: ಇಂಜಿನ್ ಆಯಿಲ್, ಫಿಲ್ಟರ್, ಎರಡೂ ಡಿಫರೆನ್ಶಿಯಲ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಪ್ಲಗ್ ಎಲ್ಲ ಒಂದೇ ಸಲ ಬದಲಾಯಿಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯ ಪುಡಿ ಸಹಜ, ಚೂರು ಸಿಕ್ಕಿದ್ರೆ ಗೇರ್ ಒಡೀತಿದೆ. ಫೋಮ್ ಫಿಲ್ಟರ್ ತೊಳೆದು ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿಯೇ ಹಾಕಿ. ಒಣ ಫೋಮ್ ಧೂಳು ಹಿಡಿಯಲ್ಲ. ಟೈರ್ ಗಾಳಿಯನ್ನ ಕಾರಿನ ಗೇಜಿನಲ್ಲಿ ಅಳೀಬೇಡಿ. ಇವಕ್ಕೆ ಬೇಕಿರೋದು ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ ಅಷ್ಟೇ, ಅಷ್ಟು ಕೆಳಗೆ ಕಾರಿನ ಗೇಜ್ ಸರಿಯಾಗಿ ತೋರಿಸಲ್ಲ. ಸರಿಯಾದ ಲೆಕ್ಕ ಗಾಡಿ ಮೇಲಿನ ಸ್ಟಿಕ್ಕರಿನಲ್ಲಿದೆ, ಕಡಿಮೆ ಒತ್ತಡದ ಗೇಜ್ ಒಂದು ತಗೊಳ್ಳಿ.