ಗೇಮ್ ಆಫ್ ಥ್ರೋನ್ಸ್: ಅಂತ್ಯ ತಿಳಿದುಹೋದ ಮೇಲೂ ಕೊನೆಯ ಸೀಸನ್ ನೋಡಬೇಕೇ? (ಎಚ್ಚರಿಕೆ: ಕಥೆಯ ಕೊನೆಯವರೆಗಿನ ವಿವರಗಳಿವೆ)

ಮಲೆನಾಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ‘ಗೇಮ್ ಆಫ್ ಥ್ರೋನ್ಸ್’ ಪ್ರಸಾರವಾಗುತ್ತಿದ್ದ ಕಾಲದಲ್ಲಿ ನಾನು ಅದನ್ನು ನೋಡಿರಲಿಲ್ಲ. ಈಗ ಬಿಡುವಾದಾಗಲೆಲ್ಲ ನೋಡುತ್ತಾ ಏಳು ಸೀಸನ್ ಮುಗಿಸಿದ್ದೇನೆ. ಉಳಿದಿರುವುದು ಕೊನೆಯ ಆರು ಕಂತುಗಳು ಮಾತ್ರ. ಅಷ್ಟರಲ್ಲಿ ಕಚೇರಿಯ ಸಹೋದ್ಯೋಗಿಯೊಬ್ಬರು, ನಾನು ಎಲ್ಲವನ್ನೂ ನೋಡಿ ಮುಗಿಸಿದ್ದೇನೆಂದು ಭಾವಿಸಿ, ಡೆನೇರಿಸ್ ಶರಣಾಗತವಾದ ನಗರವನ್ನೇ ಸುಡುತ್ತಾಳೆ, ಜಾನ್ ಸ್ನೋ ಅವಳನ್ನು ಕೊಲ್ಲುತ್ತಾನೆ, ಪಟ್ಟ ಬ್ರಾನ್‌ಗೆ ಸಿಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. 2019ರಲ್ಲಿ ಮುಗಿದುಹೋದ ಕಥೆಯನ್ನು ನನಗೋಸ್ಕರ ಯಾರೂ ಗುಟ್ಟಾಗಿ ಕಾಪಾಡಬೇಕಾಗಿಲ್ಲ, ಆದ್ದರಿಂದ ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಡೆನೇರಿಸ್ ನನಗೆ ಅತ್ಯಂತ ಪ್ರಿಯವಾದ ಪಾತ್ರ. ಗುಲಾಮರ ಸರಪಳಿ ಕಳಚಿಸಿದವಳು ಹಾಗೆ ಮಾಡುತ್ತಾಳೆಂಬುದನ್ನು ಕೇಳಿದಾಗಿನಿಂದ ಮುಂದಿನ ಕಂತು ಹಾಕಲು ಮನಸ್ಸಾಗುತ್ತಿಲ್ಲ.

ಕೊನೆಯ ಸೀಸನ್ನನ್ನು ಮತ್ತೆ ಚಿತ್ರೀಕರಿಸಬೇಕೆಂದು 15 ಲಕ್ಷಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದ್ದರೆಂದೂ ತಿಳಿಯಿತು. ಅವರ ಸಿಟ್ಟಿಗೆ ನಿಜವಾದ ಕಾರಣವೇನು? ಅಂತ್ಯ ಗೊತ್ತಿದ್ದೂ ನೋಡಿದರೆ ಅದರಲ್ಲಿ ಏನಾದರೂ ದಕ್ಕುತ್ತದೆಯೇ? ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಹೊಳೆಸಾಲು

ಮಲೆನಾಡಿಗ ಅವರೇ, ನಾನು ಈ ಧಾರಾವಾಹಿಗೆ ಆಧಾರವಾದ ಪುಸ್ತಕಗಳನ್ನು ಮೊದಲು ಓದಿ, ಆಮೇಲೆ ಧಾರಾವಾಹಿ ನೋಡಿದವನು. ಹಾಗಾಗಿ ಮೊದಲ ಸೀಸನ್‌ಗಳ ಮಟ್ಟಿಗೆ ಎಲ್ಲವೂ ಗೊತ್ತಿದ್ದೇ ನೋಡಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಆ ಅನುಭವದಿಂದ ಉತ್ತರಿಸುತ್ತೇನೆ.

ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತಿನ ಮದುವೆಯ ದೃಶ್ಯ ನಿಮಗೆ ನೆನಪಿರಲೇಬೇಕು. ಅದು ಪ್ರಸಾರವಾದದ್ದು 2013ರ ಜೂನ್ 2ರಂದು. ಆದರೆ ಆ ಹತ್ಯಾಕಾಂಡ ಇರುವ ಮೂರನೆಯ ಪುಸ್ತಕ ಬಂದದ್ದು 2000ದಲ್ಲಿ. ಅಂದರೆ ಜಗತ್ತಿನಾದ್ಯಂತ ಲಕ್ಷಾಂತರ ಓದುಗರಿಗೆ ರಾಬ್ ಮತ್ತು ಅವನ ತಾಯಿ ಕ್ಯಾಟ್ಲಿನ್ ಅಲ್ಲಿಯೇ ಸಾಯುತ್ತಾರೆಂಬುದು ವರ್ಷಗಳಿಂದ ಗೊತ್ತಿತ್ತು. ಬಹುಪಾಲು ಓದುಗರು ಅದನ್ನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಗೆಳೆಯರಿಗೆ ಹೇಳದೆ ಕಾಪಾಡಿದರು ಎಂಬುದು ನನಗೆ ಇಂದಿಗೂ ದೊಡ್ಡ ಸೌಜನ್ಯವಾಗಿ ಕಾಣುತ್ತದೆ. ಕೆಲವರಂತೂ ಗೆಳೆಯರ ಮುಖಭಾವವನ್ನು ಗುಟ್ಟಾಗಿ ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ್ದರು.

ಗೊತ್ತಿದ್ದವರಿಗೆ ಆ ಕಂತು ಸಪ್ಪೆಯಾಯಿತೇ? ನನ್ನ ಮಟ್ಟಿಗೆ ಇಲ್ಲ. ಮೇಲಂತಸ್ತಿನಲ್ಲಿ ಕುಳಿತ ವಾದ್ಯಗಾರರು ಅವರ ಶತ್ರುಗಳಾದ ಲ್ಯಾನಿಸ್ಟರ್ ಮನೆತನದ ಹಾಡನ್ನು ನುಡಿಸಲು ತೊಡಗಿದಾಗ, ಕಥೆ ತಿಳಿಯದವರಿಗೆ ಅದು ಮದುವೆಮನೆಯ ಸಂಗೀತ ಮಾತ್ರ. ನನಗೆ ಆ ಕ್ಷಣದಿಂದಲೇ ಕೈ ತಣ್ಣಗಾಗಿತ್ತು. ಬಾಗಿಲು ಮುಚ್ಚುವುದನ್ನು ಕ್ಯಾಟ್ಲಿನ್ ಗಮನಿಸುತ್ತಾಳೆ, ಪಕ್ಕದಲ್ಲಿ ಕುಳಿತ ರೂಸ್ ಬೋಲ್ಟನ್ನನ ತೋಳಿನ ಬಟ್ಟೆ ಸರಿಸಿದಾಗ ಒಳಗೆ ಉಕ್ಕಿನ ಬಳೆಗಳ ಕವಚ ಕಾಣುತ್ತದೆ. ಆ ಹೊತ್ತಿಗೆ ಅವಳಿಗೆ ತಿಳಿದದ್ದು ನನಗೆ ಮೊದಲೇ ತಿಳಿದಿತ್ತು, ಅವಳನ್ನು ಎಚ್ಚರಿಸಲಾಗದೆ ನೋಡುತ್ತಾ ಕುಳಿತಿರಬೇಕಾಗಿತ್ತು. ಅಷ್ಟೇ ಅಲ್ಲದೆ, ಪುಸ್ತಕದಲ್ಲಿ ರಾಬ್‌ನ ಹೆಂಡತಿ ಆ ಮದುವೆಗೆ ಬರುವುದೇ ಇಲ್ಲ. ಧಾರಾವಾಹಿಯಲ್ಲಿ ಮೊದಲ ಇರಿತ ಅವಳ ಗರ್ಭದ ಮೇಲೆಯೇ ಬಿದ್ದಾಗ, ಎಲ್ಲವನ್ನೂ ಬಲ್ಲೆವೆಂದು ಕುಳಿತಿದ್ದ ನಾವೂ ಬೆಚ್ಚಿಬಿದ್ದೆವು.

ಚೆನ್ನಾಗಿ ಕಟ್ಟಿದ ದೃಶ್ಯವನ್ನು ಮುಂದಾಗಿ ತಿಳಿದ ಸುದ್ದಿ ಕೆಡಿಸಲಾರದು ಎಂಬುದು ಅಂದಿನಿಂದ ನನ್ನ ನಂಬಿಕೆ. ಕೊನೆಯ ಸೀಸನ್ನಿನ ಬಗ್ಗೆ ನನ್ನ ದೂರು ಇರುವುದೂ ಇದೇ ಅಳತೆಗೋಲಿನಿಂದ. ಅದನ್ನು ಉಳಿದವರು ಹೇಳಲಿ.

ಸೋಮವಾರದ ನೋಡುಗ

ಹೊಳೆಸಾಲು ಅವರ ಮಾತನ್ನು ಒಪ್ಪುತ್ತೇನೆ, ಅದಕ್ಕೆ 2019ರ ಅನುಭವವನ್ನು ಸೇರಿಸುತ್ತೇನೆ.

ಅಮೆರಿಕದಲ್ಲಿ ಭಾನುವಾರ ರಾತ್ರಿ ಪ್ರಸಾರವಾಗುತ್ತಿದ್ದ ಕಂತು ನಮಗೆ ಹಾಟ್‌ಸ್ಟಾರ್‌ನಲ್ಲಿ ಸೋಮವಾರ ಬೆಳಿಗ್ಗೆ 6:30ಕ್ಕೆ ಬರುತ್ತಿತ್ತು. ಬೆಂಗಳೂರಿನಲ್ಲಿ ಬೆಳಿಗ್ಗೆಯೇ ನೋಡಿ ಕಚೇರಿಗೆ ಹೋಗುವವರು, ರಾತ್ರಿ ನೋಡೋಣವೆಂದು ದಿನವಿಡೀ ವಾಟ್ಸ್ಆಪ್ ತೆರೆಯದೆ ಇರುವವರು ಎಂದು ಎರಡು ಗುಂಪುಗಳೇ ಆಗಿದ್ದವು. ಕಥೆ ಸೋರುವುದು ಆಗ ಹೊಸದೇನೂ ಆಗಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಏಳನೆಯ ಸೀಸನ್ನಿನ ನಾಲ್ಕನೆಯ ಕಂತು ಪ್ರಸಾರಕ್ಕೆ ಎರಡು ದಿನ ಮೊದಲೇ ಭಾರತದಿಂದಲೇ ಸೋರಿಹೋಗಿತ್ತು; ಮುಂಬೈ ಪೊಲೀಸರು ಆ ಸಂಬಂಧ ನಾಲ್ವರನ್ನು ಬಂಧಿಸಿದ್ದರು.

ಕೊನೆಯ ಸೀಸನ್ನಿನ ಕಥಾಸಾರಾಂಶವೂ ರೆಡ್ಡಿಟ್‌ನ ‘ಫ್ರೀಫೋಕ್’ ಎಂಬ ಗುಂಪಿನಲ್ಲಿ ಪ್ರಸಾರಕ್ಕೆ ಮೊದಲೇ ಹರಿದಾಡಿತು. ಅದನ್ನು ಓದಿದ ಅನೇಕರು ಇದು ಸುಳ್ಳೇ ಇರಬೇಕೆಂದು ತಳ್ಳಿಹಾಕಿದ್ದರು. ಸಾರಾಂಶವೆಂದ ಮೇಲೆ ಕಾರಣಗಳು ಬಿಟ್ಟುಹೋಗಿರುತ್ತವೆ, ಪರದೆಯ ಮೇಲೆ ಅವು ಕಾಣುತ್ತವೆ ಎಂದು ನಾನೂ ಎಣಿಸಿದ್ದೆ. ಮೇ 12ರಂದು ಅಮೆರಿಕದಲ್ಲಿ ಬಂದ ಐದನೆಯ ಕಂತಿನಲ್ಲಿ ಶರಣಾಗತಿಯ ಗಂಟೆಗಳು ಮೊಳಗುತ್ತವೆ, ಕೋಟೆಗೋಡೆಯ ಮೇಲೆ ಡ್ರ್ಯಾಗನ್ನಿನ ಬೆನ್ನೇರಿ ಕುಳಿತ ಡೆನೇರಿಸ್‌ಳ ಮುಖವನ್ನು ಕ್ಯಾಮೆರಾ ಕೆಲವು ಕ್ಷಣ ತೋರಿಸುತ್ತದೆ, ನಂತರ ಅವಳು ಬೀದಿಗಳನ್ನು ಸುಡಲು ಹೊರಡುತ್ತಾಳೆ. ನಾನು ಕಾದಿದ್ದ ಕಾರಣ ಆ ಮುಖದಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ. ಡೆನೇರಿಸ್ ಪಾತ್ರ ಮಾಡಿದ ಎಮಿಲಿಯಾ ಕ್ಲಾರ್ಕ್ ಆ ಮುಖದಲ್ಲಿ ಮಾಡಬಹುದಾದದ್ದೆಲ್ಲವನ್ನೂ ಮಾಡಿದ್ದಾರೆ. ಆದರೆ ಅದಕ್ಕೆ ಹಿಂದಿನ ಎರಡು ಕಂತುಗಳಲ್ಲಿಯೇ ಅವಳ ಆಪ್ತ ಜೋರಾ, ಒಂದು ಡ್ರ್ಯಾಗನ್, ಗೆಳತಿ ಮಿಸಾಂಡೆ ಎಲ್ಲರೂ ಸತ್ತುಹೋಗುತ್ತಾರೆ, ಒಂದು ಸಾವಿನ ದುಃಖ ಅವಳೊಳಗೆ ಇಳಿಯುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ.

ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಕಂತುಗಳಿದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಎಚ್‌ಬಿಒ ವಾಹಿನಿ ಇನ್ನಷ್ಟು ಕಂತುಗಳಿಗೆ ಸಿದ್ಧವಿದ್ದರೂ ಧಾರಾವಾಹಿಯ ತಯಾರಕರಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಇಷ್ಟಕ್ಕೇ ಮುಗಿಸಲು ನಿರ್ಧರಿಸಿದ್ದರು. ನಮ್ಮಲ್ಲಿ ಹೆಚ್ಚಿನವರ ಸಿಟ್ಟು ಇದರ ಮೇಲೆ. ಅವಳು ಕ್ರೂರಿಯಾದಳೆಂದು ನಾವು ನೊಂದುಕೊಳ್ಳಲಿಲ್ಲ, ಅವಳು ಹಾಗಾಗುವುದನ್ನು ನಮಗೆ ನೋಡಲು ಬಿಡಲಿಲ್ಲವೆಂದು ನೊಂದುಕೊಂಡೆವು. ನಿಮ್ಮ ಸಹೋದ್ಯೋಗಿ ಒಂದು ವಾಕ್ಯದಲ್ಲಿ ಹೇಳಿದ್ದಕ್ಕೂ ತೆರೆಯ ಮೇಲೆ ಬಂದದ್ದಕ್ಕೂ ನಡುವೆ ಇರಬೇಕಾಗಿದ್ದಷ್ಟು ಅಂತರ ಇಲ್ಲದೇ ಹೋದದ್ದೇ ಆ ಸೀಸನ್ನಿನ ಸೋಲು.

ತುಂಗಭದ್ರೆ

ಇಲ್ಲಿ ನನ್ನದು ಬೇರೆ ಅಭಿಪ್ರಾಯ, ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ನಮಗೆ ನೋಡಲು ಬಿಡಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯ ಸೀಸನ್ನಿನ ಹತ್ತನೆಯ ಕಂತನ್ನು, ಅಂದರೆ 2012ರಲ್ಲಿ ಬಂದದ್ದನ್ನು, ದಯವಿಟ್ಟು ಮತ್ತೊಮ್ಮೆ ನೋಡಿ. ಮಾಂತ್ರಿಕರ ಮನೆಯೊಳಗೆ ಡೆನೇರಿಸ್‌ಗೆ ಒಂದು ದರ್ಶನವಾಗುತ್ತದೆ. ಛಾವಣಿ ಕುಸಿದ ಸಿಂಹಾಸನದ ಸಭಾಂಗಣದೊಳಗೆ ಅವಳು ಒಬ್ಬಳೇ ನಡೆದುಬರುತ್ತಾಳೆ, ಮೇಲಿನಿಂದ ಬಿಳಿಯದೇನೋ ಉದುರುತ್ತಿರುತ್ತದೆ. ಸಿಂಹಾಸನವನ್ನು ಮುಟ್ಟಲು ಕೈ ಚಾಚಿದವಳು ಮುಟ್ಟುವ ಮೊದಲೇ ತನ್ನ ಡ್ರ್ಯಾಗನ್ ಮರಿಗಳ ಕೂಗು ಕೇಳಿ ತಿರುಗಿಬಿಡುತ್ತಾಳೆ. ಅಂದು ನಾವೆಲ್ಲ ಉದುರುವುದನ್ನು ಹಿಮವೆಂದೇ ತಿಳಿದಿದ್ದೆವು. ಕೊನೆಯ ಕಂತಿನಲ್ಲಿ ಅದೇ ಸಭಾಂಗಣ, ಅದೇ ಕುಸಿದ ಛಾವಣಿ. ಆದರೆ ಉದುರುತ್ತಿರುವುದು ಅವಳೇ ಸುಟ್ಟ ನಗರದ ಬೂದಿ ಎಂಬುದು ಈಗ ನಮಗೆ ಗೊತ್ತು. ಈ ಬಾರಿ ಅವಳು ಸಿಂಹಾಸನವನ್ನು ಮುಟ್ಟುತ್ತಾಳೆ, ಸ್ವಲ್ಪ ಹೊತ್ತಿಗೆ ಅಲ್ಲಿಯೇ ಸಾಯುತ್ತಾಳೆ. ಏಳು ವರ್ಷಗಳ ಹಿಂದೆಯೇ ತಯಾರಕರು ಅಂತ್ಯವನ್ನು ನಮ್ಮ ಕಣ್ಣೆದುರಿಗೇ ಇಟ್ಟಿದ್ದರು. ಮಿರೀನ್ ನಗರದಲ್ಲಿ ಗುಲಾಮರ ಒಡೆಯರನ್ನು ಅವಳು ಕಂಬಗಳಿಗೆ ಜಡಿಸಿದಾಗ, ಮಂಡಿಯೂರದ ಟಾರ್ಲಿ ತಂದೆಮಗನನ್ನು ಸುಟ್ಟಾಗ ನಾವು ಚಪ್ಪಾಳೆ ತಟ್ಟಿದೆವು, ಏಕೆಂದರೆ ಆಗ ಸುಟ್ಟುಹೋದವರು ನಮಗೆ ಬೇಡವಾದವರು.

ಹಾಗಾಗಿ ಮಲೆನಾಡಿಗ ಅವರಂತೆ ಅಂತ್ಯ ಗೊತ್ತಿದ್ದು ನೋಡುವವರಿಗೆ ನಮಗಿಲ್ಲದ ಒಂದು ಅನುಕೂಲವಿದೆ. ಮೊದಲ ಸಲ ನೋಡಿದ ನಮಗೆ ಆಘಾತವೇ ಕಣ್ಣು ತುಂಬಿತ್ತು, ಬೇರೇನೂ ಕಾಣಲಿಲ್ಲ.

ಮನವಿಯ ವಿಷಯಕ್ಕೆ ಬಂದರೆ, ಅದು ನನಗೆ ನೋವು ತಂದಿತ್ತು. ಮೂರನೆಯ ಕಂತಿನ ಯುದ್ಧವೊಂದಕ್ಕೇ ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿ ಹೊರಾಂಗಣ ಚಿತ್ರೀಕರಣ ನಡೆದಿತ್ತು. ಪರದೆ ಕತ್ತಲಾಗಿದೆ, ಏನೂ ಕಾಣುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಮೇಲೋಗರ ರುಚಿಸದಿದ್ದರೆ ಅಡುಗೆಯವರನ್ನು ಮತ್ತೆ ಒಲೆ ಹಚ್ಚಲು ಹೇಳುವಷ್ಟು ಸುಲಭವಾಗಿ ಒಂದು ಸೀಸನ್ನನ್ನು ಮತ್ತೆ ಮಾಡಿ ಎಂದು ಕೇಳುವುದು ಸರಿಯಲ್ಲ. ಸಾನ್ಸಾ ಪಾತ್ರ ಮಾಡಿದ ಸೋಫಿ ಟರ್ನರ್ ಅದನ್ನು ದುಡಿದವರಿಗೆ ತೋರಿದ ಅಗೌರವವೆಂದು ಬಹಿರಂಗವಾಗಿಯೇ ಹೇಳಿದರು. ಅದೇ ಸೀಸನ್ನಿಗೆ ಆ ವರ್ಷದ ಅತ್ಯುತ್ತಮ ಡ್ರಾಮಾ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು.

ಸೋಮವಾರದ ನೋಡುಗ

ತುಂಗಭದ್ರೆ ಅವರೇ, ಸಭಾಂಗಣದ ದರ್ಶನದ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ಸುಳಿವು ಕೊಡುವುದು ಬೇರೆ, ಪಾತ್ರವನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗುವುದು ಬೇರೆ. ಒಡೆಯರನ್ನು ಕೊಂದವಳು ಬೀದಿಯ ಮಕ್ಕಳನ್ನು ಸುಡುವ ಹಂತಕ್ಕೆ ಬರಬೇಕಾದರೆ ನಡುವೆ ಇನ್ನೂ ಮೆಟ್ಟಿಲುಗಳು ಬೇಕಿದ್ದವು.

ಮನವಿಗೆ ನಾನು ಸಹಿ ಹಾಕಲಿಲ್ಲ. ಆದರೂ ಅಭಿಮಾನಿಗಳ ಪರವಾಗಿ ಒಂದು ಸಂಗತಿ ಹೇಳಲೇಬೇಕು. ಕಥೆಯನ್ನು ಸೋರಿಸುವುದಕ್ಕೂ ಕಟುವಾದ ಟೀಕೆಗೂ ಹೆಸರಾದ ಆ ಫ್ರೀಫೋಕ್ ಗುಂಪಿನವರೇ, ಕಂತುಗಳು ಮುಗಿದ ಮೇಲೆ ಎಮಿಲಿಯಾ ಕ್ಲಾರ್ಕ್ ಅವರಿಗೆ ಕೃತಜ್ಞತೆಯ ರೂಪದಲ್ಲಿ, ಮಿದುಳಿನ ಪೆಟ್ಟಿನಿಂದ ಚೇತರಿಸಿಕೊಳ್ಳುವವರಿಗಾಗಿ ಅವರು ಸ್ಥಾಪಿಸಿದ ‘ಸೇಮ್‌ಯೂ’ ಸಂಸ್ಥೆಗೆ ಹಣ ಸಂಗ್ರಹಿಸಿಕೊಟ್ಟರು. ಆ ಸಿಟ್ಟಿನಲ್ಲಿ ದ್ವೇಷವೊಂದೇ ಇರಲಿಲ್ಲ.

ಕರಾವಳಿಯ ಓದುಗಿ

ಮುಂದಾಗಿ ತಿಳಿಯುವುದರ ಬಗ್ಗೆ ಅಧ್ಯಯನಗಳೂ ಆಗಿವೆ, ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿದಾಗ, ಅಂತ್ಯವನ್ನು ಮೊದಲೇ ತಿಳಿದು ಓದಿದವರೇ ಒಟ್ಟಾರೆ ಹೆಚ್ಚು ಮೆಚ್ಚಿದ್ದರು. 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ನಡೆಸಿದ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂತು. ಗೊತ್ತಿಲ್ಲದೆ ಓದಿದವರಿಗೇ ಕುತೂಹಲವೂ ಸಂತೋಷವೂ ಹೆಚ್ಚು. ಕೆಲವೇ ಪುಟಗಳ ಕಥೆಯ ಮೇಲೆ ನಡೆದ ಪ್ರಯೋಗವನ್ನು, ಎಂಟು ವರ್ಷ ಜೊತೆಗೆ ಬದುಕಿದ ಪಾತ್ರಗಳ ವಿಷಯಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಯಕ್ಷಗಾನ ನೋಡುವವರಿಗೆ ಪ್ರಸಂಗ ಪೂರ್ತಿ ಗೊತ್ತಿರುತ್ತದೆ. ಕರ್ಣ ಸಾಯುತ್ತಾನೋ ಇಲ್ಲವೋ ಎಂದು ತಿಳಿಯಲು ಯಾರೂ ನಿದ್ದೆಗೆಡುವುದಿಲ್ಲ, ಈ ರಾತ್ರಿಯ ಕರ್ಣ ಏನು ಮಾತಾಡುತ್ತಾನೆ ಎಂದು ಕೇಳಲು ಕೂರುತ್ತಾರೆ. ಹಾಗೆಂದು ಕಥೆ ಹೇಳಿಬಿಡುವುದು ತಪ್ಪೇ ಅಲ್ಲವೆಂದೇನೂ ನಾನು ವಾದಿಸುವುದಿಲ್ಲ. ಕರ್ಣನ ಕಥೆ ಎಲ್ಲರ ಸೊತ್ತು. ಹೊಸ ಕಥೆಯನ್ನು ಮೊದಲ ಸಲ ಕಾಣುವ ಅವಕಾಶ ಒಬ್ಬರಿಗೆ ಒಮ್ಮೆ ಮಾತ್ರ ಸಿಗುತ್ತದೆ, ಅದನ್ನು ಬಿಟ್ಟುಕೊಡಬೇಕೇ ಎಂಬುದನ್ನು ನೋಡುಗರೇ ತೀರ್ಮಾನಿಸಬೇಕು.

ಹೊಳೆಸಾಲು

ಇಲ್ಲಿ ಯಾರೂ ಹೇಳದ ಒಂದು ಮಾತು ಉಳಿದಿದೆ. 2013ರಲ್ಲಿ ಗುಟ್ಟು ಕಾಪಾಡಿದ ಓದುಗರಾದ ನಮಗೆ, ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ತಿರುಗಿತು. ಐದನೆಯ ಪುಸ್ತಕ 2011ರಲ್ಲಿ ಬಂದ ಮೇಲೆ ಆರನೆಯದು ಇನ್ನೂ ಬಂದಿಲ್ಲ. ಧಾರಾವಾಹಿ ಪುಸ್ತಕವನ್ನು ದಾಟಿ ಮುಂದೆ ಹೋಯಿತು. 2016ರಲ್ಲಿ ಹೋಡೋರ್ ಎಂಬ ಪಾತ್ರದ ಹೆಸರಿನ ಹಿಂದಿನ ಕಥೆ ಮೊದಲು ತೆರೆಯ ಮೇಲೆಯೇ ಹೊರಬಿತ್ತು. ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅದನ್ನು ತಯಾರಕರಿಗೆ ಮೊದಲೇ ತಿಳಿಸಿದ್ದರು. ಈಗ ನಮ್ಮ ಪುಸ್ತಕದ ಅಂತ್ಯ ಜಗತ್ತಿಗೆಲ್ಲ ತಿಳಿದಿರಬಹುದು, ಆದರೂ ನಾನು ಆ ಪುಸ್ತಕಕ್ಕಾಗಿ ಕಾಯುತ್ತಿದ್ದೇನೆ, ಏಕೆಂದರೆ ಸೋಮವಾರದ ನೋಡುಗ ಅವರು ಹೇಳಿದ ಆ ನಡುವಿನ ಮೆಟ್ಟಿಲುಗಳು ಅದರಲ್ಲಿ ಸಿಗಬಹುದೆಂಬ ನಿರೀಕ್ಷೆ ನನ್ನದು.

ಮಲೆನಾಡಿಗ ಅವರೇ, ನೀವು ನೋಡಿ. ಎಲ್ಲಾ ಆರು ಕಂತುಗಳನ್ನು ಒಂದೇ ದಿನ ನೋಡಿ ಮುಗಿಸಬೇಡಿ. ಎರಡನೆಯ ಕಂತಿನಲ್ಲಿ, ಯುದ್ಧದ ಹಿಂದಿನ ರಾತ್ರಿ, ಬೆಂಕಿಯ ಮುಂದೆ ಕುಳಿತ ಬ್ರಿಯೆನ್‌ಳನ್ನು ಜೇಮಿ ನೈಟ್ ಆಗಿ ಘೋಷಿಸುವ ದೃಶ್ಯವಿದೆ. ಅದನ್ನು ನಿಮ್ಮ ಸಹೋದ್ಯೋಗಿ ಹೇಳಲಿಲ್ಲ, ಹೇಳಿದ್ದರೂ ಏನೂ ಕಡಿಮೆಯಾಗುತ್ತಿರಲಿಲ್ಲ. ಐದನೆಯ ಕಂತಿನ ಮೊದಲು ತುಂಗಭದ್ರೆ ಅವರು ಹೇಳಿದ ಹಳೆಯ ದರ್ಶನದ ದೃಶ್ಯವನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿ.

ಮಲೆನಾಡಿಗ

ಎಲ್ಲರಿಗೂ ಧನ್ಯವಾದಗಳು. ಆ ದರ್ಶನದ ದೃಶ್ಯವನ್ನು ಈಗತಾನೇ ನೋಡಿದೆ. ಹಿಂದೆ ನೋಡಿದಾಗ ನಾನೂ ಅದನ್ನು ಹಿಮವೆಂದೇ ತಿಳಿದಿದ್ದೆ. ಈ ವಾರಾಂತ್ಯಕ್ಕೆ ಎಂಟನೆಯ ಸೀಸನ್ ಶುರು ಮಾಡುತ್ತೇನೆ; ಐದನೆಯ ಕಂತು ನೋಡಿದ ಮೇಲೆ, ಮೆಟ್ಟಿಲುಗಳ ವಿಷಯದಲ್ಲಿ ನಾನು ಯಾರ ಪಕ್ಷವೆಂದು ಇಲ್ಲಿಯೇ ಬರೆಯುತ್ತೇನೆ.